ಕುರಿ ಇಳಿಯುವ ಹೊತ್ತು

ಆರ್ಕ್ನಿಯ ಈ ತುದಿಯ ದ್ವೀಪದಲ್ಲಿ ಮರವಿಲ್ಲ,
ಗಾಳಿ ಒಂದನ್ನೂ ನಿಲ್ಲಗೊಡಲಿಲ್ಲ.
ಇರುವುದು ಕಲ್ಲಿನ ಗೋಡೆ, ಊರ ಸುತ್ತ ಒಂದೇ ಸುತ್ತು,
ಕುರಿಗಳು ಹುಲ್ಲಿಗೆ ಬರದ ಹಾಗೆ.
ಅವುಗಳ ಪಾಲಿಗೆ ಆಚೆಯ ಕಡಲು.
ನೀರು ಇಳಿದಾಗ ಬಂಡೆಗಿಳಿದು ಪಾಚಿ ತಿನ್ನುತ್ತವೆ,
ಏರಿದಾಗ ಗೋಡೆಗೊರಗಿ ಮೆಲುಕು ಹಾಕುತ್ತವೆ.

ನನ್ನ ಮಗ ಎರ್ಲೆಂಡ್‌ಗೆ ಏಳು ವರ್ಷ. ಓದು ಬರುವುದಿಲ್ಲ.
ಇಷ್ಟನ್ನು ಸಲೀಸಾಗಿ ಹೇಳಲು
ನನಗೆ ಎರಡು ಚಳಿಗಾಲ ಹಿಡಿಯಿತು.

ಹದಿನಾಲ್ಕು ವರ್ಷ ಕರ್ಕ್‌ವಾಲ್‌ನ ಶಾಲೆಯಲ್ಲಿ
ತಿದ್ದಿದ ಕೈ ಇದು.
ಎಳೆ ಬೆರಳು ಹಿಡಿದು ತಿದ್ದಿಸಿದ್ದು,
ತಿದ್ದಿಸಿದ್ದನ್ನೇ ಮತ್ತೆ ಕೆಂಪಿನಲ್ಲಿ ತಿದ್ದಿದ್ದು.
ಈಗ ಏಪ್ರನ್ನಿನ ಜೇಬಿನಲ್ಲಿ ಮುಷ್ಟಿ ಕಟ್ಟಿ ಕೂತಿದೆ.
ಕೇಳಿದರಷ್ಟೇ ಹೊರಗೆ ಬರಬೇಕು:
ಕಟ್ಟಳೆ ನನ್ನದೇ.

ಥೋರಾ, ನಾಲ್ಕು ವರ್ಷದವಳು,
ದೊಡ್ಡ ಬಕೆಟ್ಟಿನ ನೀರನ್ನು ಸಣ್ಣದಕ್ಕೆ ಸುರಿಯುತ್ತಾಳೆ.
ಹಿಡಿಯುವುದಿಲ್ಲ. ಮತ್ತೆ ಸುರಿಯುತ್ತಾಳೆ.
ಹೇಳಿದ್ದರೆ ಅರ್ಧ ನಿಮಿಷದ ಮಾತು.
ಅವಳಿಗೆ ಬೇಕಾದದ್ದು ಮೂರು ದಿನ, ಆರು ಜೊತೆ ಕಾಲುಚೀಲ.
‘ಮಕ್ಕಳನ್ನೂ ಕುರಿ ಮಾಡಿಬಿಟ್ಟೆ’ ಅಂದರು ಅತ್ತೆ ವಿಲ್ಮೀನಾ,
ಒದ್ದೆ ನೆಲ ದಾಟುತ್ತಾ.

ಕಳೆದ ಫೆಬ್ರವರಿಯಲ್ಲಿ ನನ್ನ ಧೈರ್ಯ ಸೋತಿತು.
ಅಟ್ಟದಿಂದ ಪಾಠಪುಸ್ತಕ ಇಳಿಸಿದೆ, ಧೂಳು ಒರೆಸಿದೆ,
ಅವನನ್ನು ಕೂರಿಸಿದೆ.
ಮೊದಲ ಪುಟದಲ್ಲಿ ಚಾಪೆ, ಚಾಪೆಯ ಮೇಲೆ ಬೆಕ್ಕು.
‘ಇದರ ನೆರಳೆಲ್ಲಿ?’ ಅಂದ.
‘ಅದು ಬಿಡು, ಅಕ್ಷರ ನೋಡು’ ಅಂದೆ.
ನೋಡಿದ. ಅಕ್ಷರವನ್ನಲ್ಲ, ನನ್ನನ್ನು.
ಸರಿಯುತ್ತರ ನನ್ನ ಮುಖದಲ್ಲಿ ಎಲ್ಲಿ ಅಡಗಿದೆಯೆಂದು
ಹುಬ್ಬಿನಿಂದ ಗಲ್ಲದವರೆಗೆ ಹುಡುಕಿದ.
ಆ ನೋಟ ನನಗೆ ಗೊತ್ತು,
ವರ್ಷಕ್ಕೆ ಮೂವತ್ತು ಜೊತೆ ಕಣ್ಣು.
ಪುಸ್ತಕ ಹಿಟ್ಟಿನ ಡಬ್ಬದ ಕೆಳಗೆ ಹೋಯಿತು,
ಡಬ್ಬ ಅಂದಿನಿಂದ ಓಲಾಡುವುದು ನಿಲ್ಲಿಸಿದೆ.

ಕುರಿ ಇಳಿದಾಗಲೆಲ್ಲ ಅವನು ಒಳಗೆ ಓಡಿಬಂದು
ಗೋಡೆಗಡಿಯಾರ ನೋಡಿ
ಅದರ ಎರಡು ಮುಳ್ಳನ್ನು ಹಲಗೆಯ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದ.
ಸಾಲುಸಾಲು ಎರಡು ಕಾಲಿನ ಹುಳು,
ದಿನಕ್ಕಿಷ್ಟು ಬಲಕ್ಕೆ ವಾಲುವಂಥವು.
ಯಾಕೆಂದು ನಾನು ಕೇಳಲಿಲ್ಲ.
ಒಂದು ದಿನ ಅವನೇ ಕೇಳಿದ:
‘ಈ ಹುಳೂನ ಅಂಕೆಯಲ್ಲಿ ಹ್ಯಾಗೆ ಬರೀತಾರೆ?’
ಜೇಬಿನಿಂದ ಕೈ ಎಷ್ಟು ಬೇಗ ಬಂತೆಂದರೆ
ನನಗೇ ನಾಚಿಕೆಯಾಯಿತು.

ವಾರ ಕಳೆದು, ಗಂಜಿ ತಿನ್ನುತ್ತಿದ್ದವನು ಚಮಚ ನಿಲ್ಲಿಸಿದ.
ಬಾಗಿಲಿಗೆ ಅಂಟಿಸಿದ್ದ ಬಂದರಿನ ಪಟ್ಟಿ,
ಉಬ್ಬರ ಎಷ್ಟಕ್ಕೆ, ಇಳಿತ ಎಷ್ಟಕ್ಕೆ.
ಹಲಗೆ ತಂದ, ಪಕ್ಕದಲ್ಲಿ ಹಿಡಿದ,
ಬೆರಳಿಟ್ಟು ಇಳಿದ ಒಂದೊಂದೇ ಸಾಲು.
‘ಅಮ್ಮಾ,
ಇದನ್ನ ಬರೆದೋರಿಗೆ ನಮ್ಮ ಕುರಿ ಗೊತ್ತಾ?’

ಜೂನಿನಲ್ಲಿ ಕೌನ್ಸಿಲಿನ ಶ್ರೀಮತಿ ಫ್ಲೆಟ್ ದೋಣಿಯಲ್ಲಿ ಬಂದರು,
ಮಡಿಲಲ್ಲಿ ಫಾರಂ, ಬೂಟಿನಲ್ಲಿ ಥೋರಾ ತುಂಬಿದ ಚಿಪ್ಪು.
‘ಓದುತ್ತಾನಾ?’
ನಾನು ಬಾಯಿ ತೆರೆಯುವಷ್ಟರಲ್ಲಿ ಎರ್ಲೆಂಡ್ ಬಾಗಿಲ ಬಳಿ:
‘ಎರಡೂ ಇಪ್ಪತ್ತಕ್ಕೆ ಇಳೀತವೆ. ಬನ್ನಿ, ತೋರಿಸ್ತೀನಿ.’
ಎರಡೂ ಇಪ್ಪತ್ತು ನಿನ್ನೆಯ ಸಾಲು.
ಕೈ ಎದ್ದಿತು. ಕೂರಿಸಿದೆ.

ಕಿಟಕಿಯಿಂದ ನೋಡಿದೆ: ಗೋಡೆಯ ಮೇಲೆ ಮೂರು ಬೆನ್ನು,
ಗಾಳಿಗೆ ಹಾರುವ ಫಾರಂ, ಬರದ ಕುರಿ.
ಒಂದು ಕೆಟಲ್ ಮೂರು ಸಲ ಕುದಿಯಿತು.
ಕೊನೆಗೆ ಮೊದಲ ಕುರಿ ಎದ್ದು ಮೈ ಕೊಡವಿ
ಬಂಡೆಯ ಕಡೆ ಹೊರಟಾಗ ಮೂರೂ ಹತ್ತು.

ಓಡಿಬಂದ, ಮೂಗು ಸೋರುತ್ತಾ,
ನೇರ ಪಟ್ಟಿಯ ಮುಂದೆ ನಿಂತ, ತುಟಿ ಅಲುಗಿಸಿದ.
ಇದ್ದಿಲು ತೆಗೆದು ನಿನ್ನೆಯ ಸಾಲಿನ ಮೇಲೆ ಗೀಟೆಳೆದ,
ಮೊನ್ನೆಯದರ ಮೇಲೂ.
ನನ್ನ ಮುಖ ನೋಡಲೇ ಇಲ್ಲ.